ಗೋಡೆಯಾಚೆಯವು

ಎರಡು ವರ್ಷ ನಾನು ಮೊಟ್ಟೆ ತುಂಬಿದೆ,
ಮೊಟ್ಟೆ ತಿನ್ನದ ಮನೆಯವಳು.
ಗೋಡೆಯಲ್ಲೊಂದು ಕಿಂಡಿ, ಕಿಂಡಿಯಿಂದ ಬೆಲ್ಟು,
ಬೆಲ್ಟಿನ ಮೇಲೆ ಬರುತ್ತಲೇ ಇದ್ದವು.
ಡಜನ್ನಿಗೊಂದು ಡಬ್ಬ, ಡಬ್ಬದ ಮೇಲೊಬ್ಬ ಹಳದಿ ಸೂರ್ಯ.
ಕಿಂಡಿಯಾಚೆ ಏನಿದೆಯೆಂದು ಬಗ್ಗಿ ನೋಡಲಿಲ್ಲ.
ಸಂಬಳ ಗುರುವಾರ ಬರುತ್ತಿತ್ತು.

ಮಣಿಕಟ್ಟು ಬಾತು ಕೆಲಸ ಬಿಟ್ಟ ಮೇಲೆ
ಗ್ಲೆನಿಸ್ ಪಾಸ್ಕೊ ಬೇಲಿಯ ಮೇಲಿಂದ ಹೇಳಿದಳು:
ಶನಿವಾರ ಆ ಶೆಡ್ಡು ಖಾಲಿ ಮಾಡ್ತಾರೆ. ಹದಿನೆಂಟು ತಿಂಗಳಾದವು.
ಒಂದಕ್ಕೆ ಮೂರು ಡಾಲರು. ಉಳಿದವು ಲಾರಿಗೆ.

ಆರು ತಂದೆ. ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಯಲ್ಲಿ,
ಹಿಂದಿನ ಸೀಟಿನಲ್ಲಿ, ಸೀಟುಬೆಲ್ಟು ಹಾಕಿ.
ಜುಲೈ. ಕಾರಿನ ಗಾಜಿಗೆ ಹಿಮ ಹೆಪ್ಪುಗಟ್ಟಿದ ಬೆಳಿಗ್ಗೆ.
ಪೆಟ್ಟಿಗೆ ತೆರೆದೆ. ಹೊರಗೆ ಬರಲಿಲ್ಲ.
ಪೆಟ್ಟಿಗೆಯನ್ನೇ ಹರಿದು ತೆಗೆದೆ.
ಇಲ್ಲದ ಗೋಡೆಗಳ ನಡುವೆ ನಿಂತೇ ಇದ್ದವು,
ತಲೆಗೊಂದು ಕಾಗದದ ಹಾಳೆಯಷ್ಟು ನೆಲ
ಈಗಲೂ ಹಂಚಿಕೊಂಡು.

ಕತ್ತಿನಲ್ಲಿ ಗರಿಯಿಲ್ಲ. ಕೊಕ್ಕಿನ ತುದಿ ಕೊಯ್ದಿದೆ.
ತಲೆಯ ಜುಟ್ಟು ಬಿಳಿಚಿ, ನೀರು ತಾಗಿದ ಹಪ್ಪಳದ ಹಾಗೆ
ಕಣ್ಣಿನ ಮೇಲೆ ಜೋತಿದೆ.
ಉಗುರು ಮಾತ್ರ ಉದ್ದ;
ಕೆದಕಲು ನೆಲ ಸಿಕ್ಕಿದ್ದರೆ ಸವೆಯುತ್ತಿತ್ತು.

ಹುಲ್ಲು ಕಂಡು ಹೆದರಿದವು.
ಗಾಳಿಗೆ ಹೆದರಿದವು.
ಎರೆಹುಳ ಕಂಡು ಆರೂ ಒಂದೇ ಸಲ ಹಿಂದೆ ಸರಿದವು,
ಹುಳ ಆರಾಮಾಗಿ ಮಣ್ಣೊಳಗೆ ಹೋಯಿತು.

ಬಳ್ಳಾರಿಗೆ ಫೋನು ಮಾಡಿದರೆ ಅವ್ವ:
ಏನವ್ವಾ ಇದು, ಲಿಂಗ ಕಟ್ಟಿಕೊಂಡವರ ಹಿತ್ತಲದಾಗ ಕೋಳಿ? ಅದೂ ಬೋಳು ಕೋಳಿ?
ಬಳ್ಳಾರಿ ಬಿಟ್ಟು ಬ್ಯಾಲರಾಟಿಗೆ ಹೋಗಿ ಕಲಿತಿದ್ದು ಇದನ್ನೇನು?
ಆಮೇಲೆ, ತಡೆದು:
ಕಾಳು ಏನ್ ಹಾಕ್ತಿ?

ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎನ್ನುತ್ತದೆ ಗಾದೆ.
ನಾನೀಗ ಎಲ್ಲವನ್ನೂ ಕೇಳುತ್ತೇನೆ.
ಜೋಳವೋ, ಗೋಧಿಯೋ?
ಬಾಗಿಲು ತೆರೆಯಲೋ, ಇನ್ನೊಂದಿಷ್ಟು ಹೊತ್ತು ಬಿಟ್ಟೋ?
ತಲೆ ಓರೆ ಮಾಡಿ ಒಂದು ಕಣ್ಣಿನಿಂದ ನೋಡುತ್ತವೆ.
ಪ್ರಶ್ನೆ ಅವಕ್ಕೆ ಹೊಸತು.

ಅಲ್ಲಿ ದೀಪ ಆರುತ್ತಿತ್ತು, ಇಲ್ಲಿ ಸಂಜೆಯಾಗುತ್ತದೆ.
ಏನು ಮಾಡಬೇಕೆಂದು ತಿಳಿಯದೆ ಮೂಲೆಯಲ್ಲಿ ರಾಶಿ ಬೀಳುತ್ತವೆ.
ಒಂದೊಂದಾಗಿ ಎತ್ತಿ ಅಡ್ಡಗೋಲಿನ ಮೇಲೆ ಕೂರಿಸಿದೆ,
ಬೆರಳು ಬಿಡಿಸಿ, ಮತ್ತೆ ಮಡಿಸಿ, ಒಂಬತ್ತು ರಾತ್ರಿ.
ಹತ್ತನೆಯ ರಾತ್ರಿ ಟಾರ್ಚು ಹಿಡಿದು ಹೋದರೆ
ನಾಲ್ಕು ತಾವೇ ಮೇಲೇರಿದ್ದವು.
ಐದನೆಯದು ಕೆಳಗೆ, ನಾನು ಬರುತ್ತೇನೆಂದು ಕಾಯುತ್ತಾ.
ಆರನೆಯದು ಮೊದಲ ಬುಧವಾರವೇ ಸತ್ತಿತ್ತು,
ಬಿಸಿಲಿನಲ್ಲಿ, ಒಂದು ರೆಕ್ಕೆ ಹರಡಿಕೊಂಡು.
ನಾಲ್ಕು ದಿನ ಅಂದರೆ ನಾಲ್ಕು ದಿನ, ಅಂದಳು ಗ್ಲೆನಿಸ್.
ನಾನು ಒಪ್ಪಲಿಲ್ಲ. ಗುಂಡಿ ತೋಡಿದೆ,
ನರಿಗೆ ಎಟುಕದಷ್ಟು ಆಳ.

ಮೂರನೆಯ ವಾರ, ಒಲೆಯ ಬೂದಿ ಸುರಿಯುವ ಜಾಗದಲ್ಲಿ
ಒಂದು ಧಡಕ್ಕನೆ ಮಗ್ಗುಲಾಗಿ ಬಿದ್ದು ಕಾಲು ಝಾಡಿಸಿತು.
ಇದೂ ಹೋಯಿತೆಂದು ಓಡಿದೆ.
ಮೈಗೆಲ್ಲ ಬೂದಿ ಎರಚಿಕೊಂಡು, ಕಣ್ಣು ಮುಚ್ಚಿ, ಹೊರಳಾಡುತ್ತಿತ್ತು.
ಯಾರೂ ಕಲಿಸಿರಲಿಲ್ಲ; ಮಷಿನಿನಲ್ಲಿ ಒಡೆದ ಮೊಟ್ಟೆ, ತಾಯಿಯನ್ನೇ ಕಾಣದ್ದು.
ವಿಭೂತಿ ಧರಿಸಿದೆ ಅಂತ ಅವ್ವನಿಗೆ ಹೇಳಿದೆ.
ನಕ್ಕಳು. ಮೂರು ವಾರದಲ್ಲಿ ಮೊದಲ ಸಲ.

ಮಾರನೆಯ ಬೆಳಿಗ್ಗೆ ಹುಲ್ಲಿನಲ್ಲೊಂದು ಮೊಟ್ಟೆ.
ಲೆಕ್ಕವಿಲ್ಲದಷ್ಟು ಹಿಡಿದ ಕೈ ಇದು,
ಗ್ಲೌಸಿನೊಳಗಿಂದ, ತೊಳೆದು ತಣ್ಣಗಾದವನ್ನು.
ಇದು ಬಿಸಿಯಿತ್ತು.
ಬಿಸಿಯಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಬೇಲಿಯ ಬಳಿ ಗ್ಲೆನಿಸ್ ಕೇಳಿದಳು, ಡಬ್ಬ ಇದೆಯಾ?
ಹಳದಿ ಸೂರ್ಯನದೊಂದು ಮನೆಯಲ್ಲಿತ್ತು.
ಇಲ್ಲ, ಎಂದೆ.
ಕೈಯಲ್ಲೇ ಹಿಡಿದುಕೋ. ಇನ್ನೂ ಆರಿಲ್ಲ.